ಗುಂಡಿ ಡಬ್ಬಿಯ ತಳ

ಅಂಗಡಿಯ ಹಿಂದಿನ ಕೋಣೆ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

"ಕೆಡಿಸದೆ ಇದ್ರೆ ಸಾಕು ಕಣೋ" ಎಂದೋ ಏನೋ, ಊರು ಬಿಡುವ ದಿನ ಈ ಕಂಪ್ಯೂಟರಿನ ತಲೆ ತಟ್ಟಿ ನೀನು ಹೇಳಿದ್ದು ಸರಿಯಾಗಿ ನೆನಪಿಲ್ಲ. ನಾಲ್ಕು ವರ್ಷ ಕೆಡಿಸಿಲ್ಲ. ನಿನ್ನ ಮಂಡಿನೋವು ಹೇಗಿದೆ? ಹೊಲಿಗೆ ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡುತ್ತೀಯೆಂದು ಅಮ್ಮ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾಳೆ. ಅವಳು ಹೇಳುವಾಗ ನಾನು ಪಕ್ಕದಲ್ಲೇ ನಿಂತು ಬಟ್ಟೆ ಕತ್ತರಿಸುತ್ತಿರುತ್ತೇನೆ. ಇಪ್ಪತ್ತು ವರ್ಷದಿಂದ ನಿಂತಿದ್ದೇನೆ. ನನ್ನ ಮಂಡಿ ಚೆನ್ನಾಗಿದೆ.

ಅಮ್ಮನ ಅಳತೆ ಪುಸ್ತಕ ಬೇಕೆಂದು ನೀನು ಬರೆದ ಸಂಜೆಯೇ ಅವಳು ಅದಕ್ಕೆ ಕಂದು ಕಾಗದ ಸುತ್ತಿ, ದಾರ ಬಿಗಿದು, ಇಸ್ತ್ರಿ ಮೇಜಿನ ಮೇಲಿಟ್ಟಳು. ಕಾಲರಿನ ಇಳಿಜಾರು, ತೋಳಿನ ತಿರುವು, ಗೂನು ಬೆನ್ನಿಗೆ ಬಿಡಬೇಕಾದ ಅರ್ಧ ಇಂಚು, ಎಲ್ಲ ಪೆನ್ಸಿಲಿನಲ್ಲಿರುವ ಆ ಪುಸ್ತಕವನ್ನು ನನಗೆ ಯಾವಾಗಲೂ ತೆರೆದು ತೋರಿಸುತ್ತಿದ್ದಳು, ಕೈಗೆ ಕೊಡುತ್ತಿರಲಿಲ್ಲ. ಸ್ಕ್ಯಾನ್ ಮಾಡಿ ಕಳಿಸುತ್ತೇನೆ, ಪುಸ್ತಕ ಇಲ್ಲೇ ಇರಲಿ ಎಂದೆ. "ಶುಕ್ರವಾರದೊಳಗೆ ಆದ್ರೆ ಸರಿ. ಇಲ್ಲಾಂದ್ರೆ ಪೋಸ್ಟಿಗೆ ಹಾಕು. ಅವಳನ್ನ ಕಾಯಿಸಬೇಡ" ಎಂದಳು.

ಪಕ್ಕದ ಫೋಟೋ ಅಂಗಡಿಯವನಿಂದ ಹಳೆಯ ಸ್ಕ್ಯಾನರ್ ತಂದೆ. ನೀನು ಈ ಕಂಪ್ಯೂಟರಿಗೆ ಹಾಕಿಕೊಟ್ಟ ಲಿನಕ್ಸ್ ವ್ಯವಸ್ಥೆ ವಿಚಿತ್ರವಾಗಿ ಆಡಿತು. ಯುಎಸ್‌ಬಿಗೆ ಏನೇನು ಚುಚ್ಚಿದೆ ಎಂದು ಕೇಳಿದರೆ ಸ್ಕ್ಯಾನರಿನ ಹೆಸರು, ಮಾದರಿ ಎಲ್ಲ ಹೇಳುತ್ತದೆ. ಒಂದು ಪುಟ ಸ್ಕ್ಯಾನ್ ಮಾಡು ಎಂದರೆ ಇಲ್ಲಿ ಯಾವ ಸ್ಕ್ಯಾನರೂ ಇಲ್ಲ ಎನ್ನುತ್ತದೆ. ಕಣ್ಣೆದುರಿಗಿರುವುದನ್ನು ಇಲ್ಲವೆನ್ನುವುದು ಈ ಮನೆಗೆ ಹೊಸದಲ್ಲವಾದ್ದರಿಂದ ನಾನು ಗಾಬರಿಯಾಗಲಿಲ್ಲ. ಮೂರು ದಿನ ವೈರು ಬದಲಿಸಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ನಿನ್ನೆ ಕೈಪಿಡಿಯಲ್ಲಿ ಸಿಕ್ಕಿತು: ಸ್ಕ್ಯಾನರ್ ನೆಟ್ಟಗೇ ಇದೆ, ಅದನ್ನು ಮುಟ್ಟುವ ಅನುಮತಿ ನನ್ನ ಖಾತೆಗಿಲ್ಲ, ಅಷ್ಟೆ. ರೂಟ್ ಎಂಬ ಯಜಮಾನ ಖಾತೆಯಿಂದ ಸ್ಕ್ಯಾನರ್ ಬಳಸಬಲ್ಲವರ ಗುಂಪಿಗೆ ನನ್ನ ಹೆಸರು ಸೇರಿಸಿ, ನನ್ನ ಖಾತೆಯಿಂದ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಹಾಗೇ ಮಾಡಿದೆ, ಯಾರ ಸಹಾಯವೂ ಇಲ್ಲದೆ. ಗಾಜಿನಡಿ ಬೆಳಕಿನ ಗೆರೆ ನಿಧಾನವಾಗಿ ಸರಿಯಿತು. ಅಮ್ಮನ ಪೆನ್ಸಿಲ್ ಪರದೆಯ ಮೇಲೆ ಬಂತು.

ಅರವತ್ತೆರಡು ಪುಟಗಳೂ ಇದರ ಜೊತೆಗಿರುವ ಪೆನ್‌ಡ್ರೈವಿನಲ್ಲಿವೆ. ಪುಸ್ತಕ ನನ್ನ ಮೇಜಿನ ಖಾನೆಯಲ್ಲಿದೆ. ಭಾವನನ್ನು ಕೇಳಿದೆನೆಂದು ಹೇಳು. ಪಾಠದ ಕೋಣೆಗೆ ಒಂದು ಎತ್ತರದ ಸ್ಟೂಲ್ ತರಿಸಿಕೋ.

ನಿನ್ನ ತಮ್ಮ,
ಕತ್ತರಿ

ಮರೆತದ್ದು: ಯಾರ ಸಹಾಯವೂ ಇಲ್ಲದೆ ಎಂದದ್ದು ಸುಳ್ಳು. ರೂಟಿನ ಪಾಸ್‌ವರ್ಡ್ ನಿನ್ನ ಹತ್ತಿರ ಮಾತ್ರ ಇತ್ತು. ಫೋನ್ ಮಾಡಿ ಕೇಳಲು ಮನಸ್ಸಾಗಲಿಲ್ಲ. ಈ ಹಾಳು ಪಾಸ್‌ವರ್ಡ್ ಎಂದು ನನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದೆ. ಒಂದು ದಿನವೂ ಕಂಪ್ಯೂಟರ್ ಮುಟ್ಟದ ಅಮ್ಮ, ಕಾಜ ಹೊಲಿಯುತ್ತಿದ್ದವಳು, ತಲೆಯೆತ್ತದೆ, "ಅದಾ? ಗುಂಡಿ ಡಬ್ಬಿ ತಳದಲ್ಲಿ ನೋಡು" ಎಂದಳು. ಹಳದಿಯಾದ ಚೀಟಿ. ನಿನ್ನ ಅಕ್ಷರದಲ್ಲಿ ಪಾಸ್‌ವರ್ಡ್, ಅದರ ಕೆಳಗೆ 'ಅವನಾಗಿ ಕೇಳಿದರೆ ಕೊಡು' ಎಂದು. ನಾಲ್ಕು ವರ್ಷ ದಿನಾ ಆ ಡಬ್ಬಿಗೆ ಕೈ ಹಾಕಿದ್ದೇನೆ. ನಾನು ಕೇಳುವುದಿಲ್ಲವೆಂದು ನೀವಿಬ್ಬರೂ ಮಾತಾಡಿಕೊಂಡಿದ್ದಿರಾ, ಅಕ್ಕಾ, ಅಥವಾ ಅದು ಮಾತಾಡುವ ಅಗತ್ಯವೇ ಇಲ್ಲದಷ್ಟು ನಿಮಗೆ ಗೊತ್ತಿತ್ತೇ?