ನಡತೆ ತೃಪ್ತಿಕರ

12-7-78, ಬುಧವಾರ

ಬೆಳಿಗ್ಗೆ ಎರಡು ಕ್ಲಾಸು. ಹಳಗನ್ನಡ. ಅರ್ಧ ಬೆಂಚು ಖಾಲಿ. ಸ್ಟೌವಿಗೆ ಬತ್ತಿ ತರಬೇಕಿತ್ತು, ಇವತ್ತೂ ಮರೆತೆ.

ಹೊನ್ನಕ್ಕನ ಟಿ.ಸಿ. ಸಿಕ್ಕಿತು. ಹೆಡ್ ಕ್ಲರ್ಕ್ ಓಬಳಯ್ಯ ಸೀಲು ಹಾಕುತ್ತ ಕೇಳಿದರು, "ಅಲ್ಲಾ ಮೇಡಂ, ಅಮೇರಿಕದೋರು ಸೀಟು ಕೊಟ್ಟವ್ರಾ?"

"ಇನ್ನೂ ಇಲ್ಲ."

"ಮತ್ತೆ ಇವಳ ಹೆಸ್ರು ಈವತ್ತೇ ಹೊಡೆದಾಕ್ಬೇಕಾಯ್ತದಲ್ಲ?"

"ಟಿ.ಸಿ. ಇಲ್ಲದೆ ಯಾವ ಕಾಲೇಜು ಸೇರಿಸಿಕೊಳ್ಳುತ್ತೆ, ಓಬಳಯ್ಯ?"

"ಅದೂ ದಿಟವೇ ಬುಡಿ."

ಎರಡು ವರ್ಷದ ಬಿ.ಎಸ್ಸಿ. ಇಲ್ಲಿ ಆಗಿದೆ. ಮೂರನೆಯದಕ್ಕೆ ಅಲ್ಲಿಗೆ. ಇಲ್ಲಿ ಓದಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರಂತೆ. ಊಟ, ವಸತಿ, ವಿಮಾನ ಎಲ್ಲ ಅವರದೇ. ಇದೆಲ್ಲ ಮಾರ್ಥಾಳ ಹುಚ್ಚು. ಆರು ವರ್ಷದ ಹಿಂದೆ ಬುಕ್ಕಾಪಟ್ಟಣದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡಲು ಬಂದು, ರಾಗಿಮುದ್ದೆ ನುಂಗಲು ಕಲಿತು ಹೋದ ಅಮೇರಿಕದ ಹುಡುಗಿ. ಈಗ ಅಲ್ಲಿ ಸೀಟು ಕೊಡುವ ಆ ಕಾಲೇಜಿನ ಆಫೀಸಿನಲ್ಲಿದ್ದಾಳೆ. ಗೊಲ್ಲರಹಟ್ಟಿಯ ಹದಿಮೂರರ ಹೊನ್ನಕ್ಕನನ್ನು ಅವಳು ಮರೆತಿಲ್ಲ.

ಜನವರಿಗೆ ಸೇರಬೇಕು. ಮಾರ್ಕ್ಸ್ ಕಾರ್ಡು, ಸಿಲಬಸ್ಸು, ಚೆನ್ನಾಗಿ ಬಲ್ಲ ಅಧ್ಯಾಪಕರ ಪತ್ರ, ಇಷ್ಟನ್ನು ಕೇಳಿದ್ದಾರೆ. ಟಿ.ಸಿ. ಕೇಳಿಲ್ಲ. ಮರೆತಿರಬೇಕು. ಒರಿಜಿನಲ್ಲನ್ನೇ ಇಡೋಣ ಎಂದೆ. ಹೊನ್ನಕ್ಕ ಮಾತ್ರ ಒಮ್ಮೆ ಕೇಳಿದಳು, "ನಕಲು ಸಾಲ್ದಾ ಮೇಡಂ?" ಸಾಲುವುದಿಲ್ಲ ಎಂದೆ.

15-7-78, ಶನಿವಾರ

ಹೊನ್ನಕ್ಕನ ಅಪ್ಪ ಕ್ಯಾತಪ್ಪ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನನಗೆ ಎಂದು ಒಂದು ಗಡಿಗೆ ತುಪ್ಪ. ಕುರ್ಚಿ ತೋರಿಸಿದರೆ ಬಾಗಿಲಲ್ಲೇ ಕೂತ.

"ನಿಮ್ಮ ಮಗಳಂಥ ಬುದ್ಧಿವಂತೆಯನ್ನ ನಾನು..." ಎಂದು ಶುರು ಮಾಡಿದೆ.

ಕೈ ಅಡ್ಡ ಹಿಡಿದ. "ಅಂಗೆಲ್ಲ ಅನ್‌ಬ್ಯಾಡಿ ಮೇಡಮ್ಮ. ಕಣ್ಣಾಗ್ಬುಡ್ತದೆ. ಏನೋ, ಮಂದಿಯಂಗೆ ಒಂದು ಹೆಣ್ಣು ಕೂಸು, ಅಷ್ಟೇಯ."

ನಾಲಿಗೆ ಕಚ್ಚಿಕೊಂಡೆ. ನಮ್ಮಮ್ಮನೂ ಹಾಗೇ. ಎಂ.ಎ. ಪಾಸಾದ ದಿನ ನೆಟಿಗೆ ಮುರಿದು, "ಏನೋ ಒಂದಾಯಿತು" ಎಂದಿದ್ದಳು.

ಅವನು ಹೋದ ಮೇಲೆ ಪತ್ರ ಬರೆದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಎರಡು ವರ್ಷದಿಂದ ಬಲ್ಲೆ. ಕ್ರಮವಾಗಿ ಕ್ಲಾಸಿಗೆ ಬರುತ್ತಾಳೆ. ವಿಧೇಯಳು. ನನಗೆ ತಿಳಿದ ಮಟ್ಟಿಗೆ ನಡತೆ ತೃಪ್ತಿಕರ. ಓಬಳಯ್ಯ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟರು. ಟಿ.ಸಿ. ಸಮೇತ ಎಲ್ಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಮನಸ್ಸು ಹಗುರ.

21-8-78

ಏನೂ ಬಂದಿಲ್ಲ. ಫೈನಲ್ ಬಿ.ಎಸ್ಸಿ. ಅಡ್ಮಿಷನ್ ಮುಗಿಯಿತು. ಹಾಸ್ಟೆಲ್ಲಿನ ಮೂಲೆಯ ಮಂಚಕ್ಕೆ ಪಾವಗಡದ ಕಡೆಯ ಹುಡುಗಿ ಬಂದಿದ್ದಾಳೆ. ಹೊನ್ನಕ್ಕ ಟ್ರಂಕು ಹೊತ್ತುಕೊಂಡು ಹಟ್ಟಿಗೆ ಹೋದಳು. ಬಸ್ಸಿನ ಕಿಟಕಿಯಿಂದ, "ಕಾಗ್ದ ಬಂದ್ರೆ ಯಾರ ಕೈಲಾದ್ರೂ ಹೇಳ್ಕಳ್ಸಿ ಮೇಡಂ."

29-9-78, ಶುಕ್ರವಾರ

ಒಂದು ಅಚ್ಚಿನ ಕಾಗದ ಬಂತು. ಅರ್ಜಿ ಪರಿಶೀಲನೆಯಲ್ಲಿದೆ. ಕೆಳಗೆ ಯಾರದೋ ಕೈಬರಹ. ಜೊತೆಗಿದ್ದ ಒಂದು ಸರ್ಟಿಫಿಕೇಟು ಏನೆಂದು ನಮಗೆ ತಿಳಿಯಲಿಲ್ಲ, ಫೈಲಿನಲ್ಲಿ ಇಟ್ಟಿದ್ದೇವೆ.

ಆ ಟಿ.ಸಿ.ಯೇ. ಅವರಿಗೆ ಅದು ಬೇಕೇ ಇರಲಿಲ್ಲ.

ಪ್ರಿನ್ಸಿಪಾಲ್ ನಂದೀಶ್ವರಯ್ಯನವರ ಮುಂದೆ ನಿಂತೆ. ಹುಡುಗಿಯನ್ನು ಹೇಗಾದರೂ ವಾಪಸ್ ಸೇರಿಸಿಕೊಳ್ಳಿ ಎಂದೆ.

"ಒರಿಜಿನಲ್ ಟಿ.ಸಿ. ತನ್ನಿ."

"ಅಮೇರಿಕದಲ್ಲಿದೆ ಸರ್. ಡೂಪ್ಲಿಕೇಟ್..."

"ಡೂಪ್ಲಿಕೇಟು ಕಳೆದುಹೋದದ್ದಕ್ಕೆ ಕೊಡೋದು. ಇದು ಕಳೆದಿಲ್ಲವಲ್ಲ. ನೀವೇ ಸ್ಟಾಂಪ್ ಹಚ್ಚಿ ಕಳಿಸಿದ್ದೀರಿ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಕೊಟ್ಟರೂ ಈ ವರ್ಷದ್ದು ಮುಗೀತಮ್ಮ. ಯೂನಿವರ್ಸಿಟಿಯವರು ಒಪ್ಪೋಲ್ಲ."

ಇಲ್ಲಿಯವಳಲ್ಲ, ಅಲ್ಲಿಯವಳೂ ಅಲ್ಲ. ನಾನು ಮಾಡಿದ್ದು.

14-10-78

ಕ್ಯಾತಪ್ಪ ಬಂದಿದ್ದ. "ಏನಾರ ಬಂತಾ ಮೇಡಮ್ಮ?" ಇಲ್ಲ. ತಲೆಯಾಡಿಸಿದ. "ಅವಳ ಸೋದರಮಾವ ಕೇಳ್ತಾವ್ನೆ. ಬರೋ ಮಾಘದಾಗೆ ಮಾಡ್ಬುಡಾನ ಅಂತ. ಓದೋದಿದ್ರೆ ನಾನು ಬ್ಯಾಡ ಅನ್ನಕಿಲ್ಲ. ಸುಮ್ಕೆ ಕುಂತವ್ಳಲ್ಲ, ಏನ್ ಹೇಳಾನ?"

ಟಿ.ಸಿ. ವಿಷಯ ಹೇಳಲು ಬಾಯಿ ತೆರೆದೆ. ಮಜ್ಜಿಗೆ ಬೇಕಾ ಎಂದು ಕೇಳಿದೆ.

ಪದ್ಯ ಓದಲು ಆಗುತ್ತಿಲ್ಲ. ಕಣ್ಣು ಸಾಲಿನ ಮೇಲೆ ಹೋಗುತ್ತದೆ, ಬರುತ್ತದೆ.

3-11-78, ಶುಕ್ರವಾರ

ಮಾರ್ಥಾಳ ಪತ್ರ. ನಾಲ್ಕು ಸಲ ಓದಿದೆ.

ಹೊನ್ನಕ್ಕನ ಮಾರ್ಕ್ಸು ಸೀಟು ಕೊಡುವ ಕಮಿಟಿಗೆ ಒಪ್ಪಿಗೆಯಾಗಿದೆ. ತಡೆದಿರುವುದು ನನ್ನ ಪತ್ರ. ಅದನ್ನು ಅಲ್ಲಿ ಗಟ್ಟಿಯಾಗಿ ಓದಿದರಂತೆ. ಒಬ್ಬರು ಕೇಳಿದರಂತೆ: ಈ ಹುಡುಗಿ ಏನು ಮಾಡಿದ್ದಾಳೆ? ಎರಡು ವರ್ಷ ಬಲ್ಲ ಟೀಚರು ಇಷ್ಟು ತಣ್ಣಗೆ ಬರೆಯಬೇಕಾದರೆ ಏನೋ ಮುಚ್ಚಿಡುತ್ತಿರಬೇಕು. ಮಾರ್ಥಾ ಎಷ್ಟು ಹೇಳಿದರೂ, ಅವಳು ಕಂಡದ್ದು ಹದಿಮೂರರ ಮಗುವನ್ನು. ಕೊನೆಗೆ ಕೇಳಿದ್ದಾಳೆ— ನಿಮಗೆ ಅವಳು ಇಷ್ಟವಿಲ್ಲವೇ?

ಇಪ್ಪತ್ತೆರಡನೇ ತಾರೀಖು ಕಮಿಟಿ ಮತ್ತೆ ಕೂಡುತ್ತದೆ. ಅದೇ ಕೊನೆ. ಅಷ್ಟರಲ್ಲಿ ಇನ್ನೊಂದು ಪತ್ರ ಅವರ ಮೇಜಿನ ಮೇಲಿರಬೇಕು. ಏರ್‌ಮೇಲ್ ಹದಿನೈದು ದಿನ. ಸೋಮವಾರ ಮಧ್ಯಾಹ್ನದ ಟಪಾಲು ತಪ್ಪಿದರೆ ಮುಗಿಯಿತು.

ನನ್ನ ಬಗ್ಗೆಯೂ ಒಬ್ಬರು ಹೀಗೇ ಬರೆದಿದ್ದರು. ರಿಸರ್ಚಿಗೆ ಅರ್ಜಿ ಹಾಕಿದಾಗ. ನಡತೆ ತೃಪ್ತಿಕರ. ಆ ಕಾಗದವನ್ನು ಎಷ್ಟು ಹೆಮ್ಮೆಯಿಂದ ಮಡಿಸಿ ಇಟ್ಟಿದ್ದೆ. ಸೀಟು ಯಾಕೆ ಸಿಗಲಿಲ್ಲ ಅಂತ ಇಪ್ಪತ್ತು ವರ್ಷ ಯೋಚನೆಯನ್ನೇ ಮಾಡಿರಲಿಲ್ಲ.

4-11-78, ಶನಿವಾರ

ಹನ್ನೊಂದು ಹಾಳೆ ಹರಿದೆ. ಬ್ರಿಲಿಯಂಟ್ ಎಂದು ಬರೆಯುತ್ತೇನೆ, ಸುಳ್ಳು ಸಾಕ್ಷಿ ಹೇಳಿದಂತೆ ಕಾಣುತ್ತದೆ. ಗುಡ್ ಎಂದರೆ ಮತ್ತದೇ ತಣ್ಣಗೆ. ಕೈ ತಾನಾಗಿ ಸರ್ಟಿಫಿಕೇಟು ಬರೆಯುತ್ತದೆ. ಮೂವತ್ತು ವರ್ಷದಿಂದ ಕವಿತೆ ಓದುವವಳು. ಒಬ್ಬ ಹುಡುಗಿಯ ಬಗ್ಗೆ ಜೀವವಿರುವ ಒಂದು ವಾಕ್ಯ ಹುಟ್ಟುತ್ತಿಲ್ಲ.

ಬೀರುವಿನಲ್ಲಿ ಅವಳ ಮೊದಲ ವರ್ಷದ ಪ್ರಬಂಧ ಸಿಕ್ಕಿತು. 'ನನ್ನ ಬಾಲ್ಯ.' ಹಟ್ಟಿಯ ಹೊರಗೆ ಹೆಂಗಸರು ತಿಂಗಳ ಮೂರು ದಿನ ಕೂರುವ ಗುಡಿಸಲು. ಅದರ ಮುಂದೆ ಅವಳು ನೆಟ್ಟ ಗೂಟ, ಗೂಟದ ನೆರಳು, ಕಲ್ಲುಗಳು. ಒಂದಿಡೀ ಪುಟ. ಅದರ ಮೇಲೆ ಅಡ್ಡಗೀಟು. ಅಂಚಿನಲ್ಲಿ— 'ಇದು ಅನಗತ್ಯ. ಸಭ್ಯ ವಿಷಯಗಳನ್ನು ಬರೆಯಿರಿ.'

ಕೆಂಪು ಇಂಕು. ಅಕ್ಷರ ನನ್ನದು.

5-11-78, ಭಾನುವಾರ, ಸಂಜೆ

ಮೊದಲ ಬಸ್ಸಿಗೆ ಶಿರಾ. ಅಲ್ಲಿಂದ ಬುಕ್ಕಾಪಟ್ಟಣ. ಹಟ್ಟಿಗೆ ನಡೆದೇ ಹೋದೆ.

ಹೊನ್ನಕ್ಕ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ಕಂಡು ಓಡಿ ಬಂದಳು, ಕಾಗದ ಬಂದಿದೆ ಎಂದುಕೊಂಡು. ಅವಳ ಮುಖ ಬೆಳಗಿದ್ದನ್ನು ನೋಡಿಕೊಂಡೇ ಎಲ್ಲ ಹೇಳಬೇಕಾಯಿತು. ಟಿ.ಸಿ., ಪತ್ರ, ಕಮಿಟಿ. ಒಂದನ್ನೂ ಬಿಡಲಿಲ್ಲ.

ವಾಪಸ್ ಹೋಗಿ ಉಳಿದ ಸೊಪ್ಪು ಕಟ್ಟಿ ಮುಗಿಸಿದಳು. ಆಮೇಲೆ, "ನಾಲ್ಕೇ ಸಾಲಾ ಮೇಡಂ?"

"ನಾಲ್ಕೇ."

"ನಮ್ಮಪ್ಪ ಶಿರಾ ಸಂತೇಲಿ ಟಗರು ಮಾರೋವಾಗ ನೋಡ್ಬೇಕು ನೀವು. ಹಲ್ಲು ತೋರಿಸ್ತಾನೆ, ಬೆನ್ನು ತಟ್ತಾನೆ, ಕೊಂಬು ಹಿಡ್ಕೊಳ್ಳಿ ಸಾಮಿ ಅಂತಾನೆ. ಟಗರಿನ ನಡತೆ ತೃಪ್ತಿಕರ ಅಂದಿದ್ರೆ ಒಂದೂ ಮಾರ್ತಿರ್ಲಿಲ್ಲ."

ಕ್ಯಾತಪ್ಪ ಅಲ್ಲೇ ಇದ್ದ. "ಲೇ, ಮೇಡಮ್ಮನಿಗೆ ಹಿಂಗಂತೀಯೇನೇ?"

"ಅನ್ನಲಿ ಬಿಡಪ್ಪ" ಎಂದೆ. ನಗು ಬಂತು, ಅದರ ಹಿಂದೆಯೇ ಅಳು. ಅವಳು ನಗಲಿಲ್ಲ.

ಗುಡಿಸಲು ತೋರಿಸು ಎಂದೆ. ಕ್ಯಾತಪ್ಪ ಮುಖ ತಿರುಗಿಸಿಕೊಂಡು ಕುರಿಗಳ ಕಡೆ ಹೋದ.

ಗೂಟ ಇನ್ನೂ ಇದೆ. ಹದಿನಾಲ್ಕನೇ ವರ್ಷದಿಂದ ಪಿ.ಯು.ಸಿ.ಗೆ ಹಾಸ್ಟೆಲ್ ಸೇರುವವರೆಗೆ, ಪ್ರತಿ ತಿಂಗಳು ಹೊರಗೆ ಕೂತಾಗ, ನಡು ಮಧ್ಯಾಹ್ನ ನೆರಳು ಎಲ್ಲಕ್ಕಿಂತ ಗಿಡ್ಡವಾದಾಗ ಅದರ ತುದಿಗೆ ಒಂದು ಕಲ್ಲು. ಎಣಿಸಿದೆ. ಇಪ್ಪತ್ತೇಳು. ಹೆಚ್ಚಿನವು ಗೂಟದ ಉತ್ತರಕ್ಕೆ. ಕೆಲವು ಮಾತ್ರ ದಕ್ಷಿಣಕ್ಕೆ.

"ಇವು ಬ್ಯಾಸಗೆ ಕೊನೇಲಿ ಇಟ್ಟವು. ಆಗ ಸೂರ್ಯ ನೆತ್ತಿ ದಾಟಿ ಆ ಕಡೀಕೆ ಹೋಗಿರ್ತಾನೆ. ವರ್ಷಕ್ಕೆ ಎರಡು ಸಲ ನೆರಳೇ ಇರಕ್ಕಿಲ್ಲ. ಅದು ಪುಸ್ತಕದಲ್ಲೂ ಐತೆ ಅಂತ ಕಾಲೇಜಿಗೆ ಬಂದ್ಮೇಲೆ ಗೊತ್ತಾಯ್ತು."

"ಇಷ್ಟು ವರ್ಷ ಕಲ್ಲು ಕದಲಲಿಲ್ಲವಾ?"

"ಇಲ್ಲಿಗೆ ಗಂಡಸ್ರು ಬರಲ್ಲ, ಕುರೀನೂ ಬಿಡಲ್ಲ. ಯಾರು ಕದಲಿಸ್ತಾರೆ?"

ಹನ್ನೆರಡು ದಾಟಿತ್ತು. ಗೂಟದ ನೆರಳು ನಿಧಾನಕ್ಕೆ ಬಂದು ಒಂದು ಕಲ್ಲಿನ ಮೈಮೇಲೆ ಕೂತಿತು. ಅವಳು ಅತ್ತ ನೋಡಲೂ ಇಲ್ಲ. ಅದು ಬರುತ್ತದೆ ಎಂದು ಅವಳಿಗೆ ಗೊತ್ತು.

"ಇದನ್ನ ಬರೀಲಾ, ಹೊನ್ನಕ್ಕ?"

ಕಾಲ ಹೆಬ್ಬೆರಳಲ್ಲಿ ಮಣ್ಣು ಕೆರೆದಳು. ಇಲ್ಲ ಅನ್ನುತ್ತಾಳೆ ಎಂದುಕೊಂಡೆ.

"ಬರೀರಿ. ಅಯ್ಯೋ ಪಾಪ ಅನ್ನಂಗೆ ಮಾತ್ರ ಬರೀಬ್ಯಾಡಿ."

6-11-78, ಸೋಮವಾರ, ಮಧ್ಯಾಹ್ನ 1-10

ರಜೆ ಹಾಕಿದೆ. ಟಪಾಲು ಚೀಲ ಮೂರಕ್ಕೆ ಕಟ್ಟುತ್ತಾರೆ. ಬೆಳಗಿನಿಂದ ಇಂಗ್ಲಿಷಿನಲ್ಲಿ ಎರಡೇ ಸಾಲು, ಎರಡೂ ಸತ್ತವು. ಓಬಳಯ್ಯ ಟೈಪ್‌ರೈಟರಿಗೆ ಕಾಗದ ಏರಿಸಿಕೊಂಡು ಕಾಯುತ್ತಿದ್ದಾರೆ. ಊಟಕ್ಕೂ ಎದ್ದಿಲ್ಲವಂತೆ. ಈ ಪುಸ್ತಕದಲ್ಲಿ ಮಾತ್ರ ನನ್ನ ಕೈ ಹೆದರುವುದಿಲ್ಲ. ಇಲ್ಲೇ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಇಂಗ್ಲಿಷು, ಹೇಗಾದರೂ.

ಮಾನ್ಯರೇ,

ಜುಲೈನಲ್ಲಿ ನಾನು ಬರೆದ ಪತ್ರವನ್ನು ದಯವಿಟ್ಟು ಹರಿದುಹಾಕಿ. ಅದರಲ್ಲಿ ಹುಡುಗಿ ಇಲ್ಲ, ನನ್ನ ಅಂಜಿಕೆ ಇದೆ. ನಮ್ಮ ಕಡೆ ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಪ್ರೀತಿಸಿದಷ್ಟೂ ಕಡಿಮೆ ಹೇಳುತ್ತೇವೆ. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಹೊನ್ನಕ್ಕನಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

(ಬರೆದೆ. ಏನೂ ಆಗಲಿಲ್ಲ. ಹೊರಗೆ ಬಿಸಿಲು ಹಾಗೇ ಇದೆ.)

ಅವಳ ಹಟ್ಟಿಯ ಹೊರಗೆ ಗಂಡಸರು ಹೋಗದ ಒಂದು ಜಾಗವಿದೆ. ಅಲ್ಲಿ ಒಂದು ಗೂಟ, ಅದರ ಸುತ್ತ ಇಪ್ಪತ್ತೇಳು ಕಲ್ಲುಗಳು. ಯಾರೂ ಹೇಳಿಕೊಡದೆ, ಒಂದೊಂದಾಗಿ, ಎರಡು ವರ್ಷಕ್ಕೂ ಮಿಕ್ಕಿ ಅವಳು ಇಟ್ಟವು. ನಾನು ನಿನ್ನೆ ಹೋಗಿ ನೋಡಿ ಬಂದೆ. ಮೊದಲನೇ ಕಲ್ಲು ಇಟ್ಟ ದಿನ ಅವಳಿಗೆ ಹದಿನಾಲ್ಕು ನಡೆಯುತ್ತಿತ್ತು.

(ಉಳಿದದ್ದು ನೇರ ಇಂಗ್ಲಿಷಿನಲ್ಲೇ ಬರುತ್ತಿದೆ, ಓಬಳಯ್ಯನವರ ಹತ್ತಿರ ಹೋಗುತ್ತೇನೆ.)