ಐಸು ತುಂಬಿದ ನೀಲಿ ಡ್ರಮ್ಮು

ಗಿರಿಯಣ್ಣನಿಗೆ,

ನಿನ್ನ ತಂಗಿಯ ಬೈಗುಳ ಮೊದಲು, ಕ್ಷೇಮಸಮಾಚಾರ ಆಮೇಲೆ. ನೀನು ಎದುರಿಗೆ ಸಿಕ್ಕಿದ್ದರೆ ಕೈಗೆ ಬಂದ ಸ್ಪ್ಯಾನರಿನಿಂದ ತಲೆಗೊಂದು ಬಾರಿಸಿಯೇ ಮಾತು ಶುರುಮಾಡುತ್ತಿದ್ದೆ. ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಓಟದ ಕಾರಿಗೆ ಯಾವ ಇಂಟರ್‌ಕೂಲರ್ ಹಾಕಬೇಕೆಂದು ಮಲವಗೊಪ್ಪದ ನಮ್ಮ ಗ್ಯಾರೇಜಿನಲ್ಲಿ ಕಿತ್ತಾಡಿದ್ದು ನೆನಪಿದೆಯೇ? ಟರ್ಬೊ ಒತ್ತಿ ಕಳಿಸುವ ಗಾಳಿ ಕಾಯುತ್ತದೆ, ಎಂಜಿನ್ನಿಗೆ ಹೋಗುವ ಮೊದಲು ಅದನ್ನು ತಣಿಸಬೇಕು. ಅಲ್ಲಿಯವರೆಗೆ ನಮ್ಮಿಬ್ಬರದೂ ಒಂದೇ ಮಾತು. ಬಂಪರಿನ ಹಿಂದೆ ಜಾಲರಿ ಕಟ್ಟಿ ಎದುರುಗಾಳಿಯಿಂದಲೇ ತಣಿಸೋಣ, ಕೆಡುವಂಥದ್ದು ಏನೂ ಇರುವುದಿಲ್ಲ ಎಂದು ನಾನು. "ಏಪ್ರಿಲ್ ಬಿಸಿಲಲ್ಲಿ ಯಾವ ಎದುರುಗಾಳಿ ಮಾರಾಯ್ತಿ? ಒಲೆ ಬಾಯಿ ಇದ್ದಂಗೆ ಇರುತ್ತೆ. ಮುಂದಿನ ಗಾಡಿ ಕಲ್ಲು ಹಾರಿಸಿದ್ರೆ ನಿನ್ನ ಜಾಲರಿ ಚಿಂದಿ. ನಂದು ಚಿಕ್ಕ ಓಟ. ಒಂದು ಡ್ರಮ್ ಐಸ್ ನೀರು ತಿರುಗಿಸಿದ್ರೆ ಸಾಕು, ಗಾಳಿ ನಡುಗ್ತಾ ಹೋಗುತ್ತೆ" ಎಂದು ನೀನು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಒಳಗೆ ಸೋರಿದರೆ ಎಂಜಿನ್ ಅದನ್ನು ಕುಡಿದು ಮುರಿದು ಸಾಯುತ್ತದೆ ಎಂದೆ. ನೀನು ಎಸೆದ ಸ್ಪ್ಯಾನರ್ ಟ್ಯೂಬ್‌ಲೈಟ್ ಒಡೆಯಿತು. ನಾನು ಎಸೆದ ರೇಡಿಯೇಟರ್ ಕ್ಯಾಪ್ ನಿನ್ನ ಹುಬ್ಬು ಸೀಳಿತು. ರಕ್ತ ಒರೆಸಿಕೊಳ್ಳುತ್ತ ನಗುತ್ತಿದ್ದೆಯಲ್ಲ, ನಿನಗೆ ನೋವೇ ಆಗುತ್ತಿರಲಿಲ್ಲವೇ? ಕೊನೆಗೆ ನಿನ್ನ ಹಠವೇ ನಡೆಯಿತು. ಓಡಿಸುವವನು ನೀನು, ನಾನು ಎಂಜಿನ್ ಕಟ್ಟುವವಳು ಮಾತ್ರ.

ಭದ್ರಾವತಿಯ ವೆಲ್ಡರ್ ಸೆಲ್ವಂ ಇಂಟರ್‌ಕೂಲರಿನ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಕೊಟ್ಟ ದಿನ ನೀನು ಮಗು ಎತ್ತಿಕೊಂಡ ಹಾಗೆ ಅದನ್ನು ಎತ್ತಿಕೊಂಡಿದ್ದೆ. ಒಳಗೆ ತೆಳ್ಳನೆಯ ಕೊಳವೆಗಳಲ್ಲಿ ಐಸ್ ನೀರು, ಅವುಗಳ ಸುತ್ತ ಟರ್ಬೊ ಗಾಳಿ. ಸೆಲ್ವಂ ಅದಕ್ಕೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಮುಳುಗಿಸುವ ಹಾಗೆ ತೊಟ್ಟಿಯಲ್ಲಿ ಮುಳುಗಿಸಿದ. "ಒಂದು ಗುಳ್ಳೆ ಬಂದ್ರೂ ಈ ಕೈ ಕತ್ತರಿಸಿ ಕೊಡ್ತೀನಿ ಸಾರ್" ಎಂದ. ಒಂದೂ ಬರಲಿಲ್ಲ. ಐಸ್ ನೀರಿಗೆ ಡ್ರಮ್ ಬೇಕಾಗಿತ್ತು. ಶಾಲೆಯಿಂದಲೂ ನಿನ್ನ ನೆರಳಾಗಿದ್ದ ಲೋಕೇಶ ತನ್ನ ತೋಟದಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಬೈಕಿಗೆ ಕಟ್ಟಿಕೊಂಡು ಬಂದ. ನಾನು ಕಾರಿನಡಿ ಮಲಗಿದ್ದೆ. ನೀನು ಒಂದು ಬಕೆಟ್ ನೀರು ಹಾಕಿ ಕುಲುಕಿ ಅಂಗಳಕ್ಕೆ ಚೆಲ್ಲಿದ್ದು, "ಸಾಕು ಬಿಡು" ಎಂದದ್ದು ಕೇಳಿಸಿತು. ಆ ಸಾಕು ಅನ್ನುವ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಶಂಕರಘಟ್ಟದ ಕಡೆಯ ಬಯಲಿನಲ್ಲಿ ಆ ಭಾನುವಾರದ ಓಟದಲ್ಲಿ ಧೂಳು ಎಷ್ಟಿತ್ತೆಂದರೆ ನಿನ್ನ ಕಾರು ನನಗೆ ಕಾಣಿಸಲೇ ಇಲ್ಲ, ಕೇಳಿಸಿತು. ಮೊದಲು ಎಂಜಿನ್ ಕೆಮ್ಮಿತು. ಆಮೇಲೆ ಸುತ್ತಿಗೆಯಿಂದ ಹಂಡೆ ಒಡೆದಂಥ ಸದ್ದು. ಪಿಸ್ಟನ್ನಿನ ರಾಡ್ ಮುರಿದು ಬ್ಲಾಕನ್ನು ಸೀಳಿಕೊಂಡು ಹೊರಗೆ ಬಂದಿತ್ತು, ಎಣ್ಣೆಯೆಲ್ಲ ಮುಂದಿನ ಚಕ್ರದಡಿಗೆ ಸುರಿದಿತ್ತು. ತಿರುವಿನಲ್ಲಿ ಕಾರು ಜಾರಿ ಉರುಳಿತು, ಮತ್ತೆ ಉರುಳಿತು. ನಾನು ಓಡಿ ಬರುವಷ್ಟರಲ್ಲಿ... ಬೇಡ. ನಿನ್ನ ಮುಖ ನಾನು ನೋಡಿದೆ, ನೀನು ನೋಡಿಕೊಳ್ಳಲಿಲ್ಲ. ಅಷ್ಟು ಪುಣ್ಯ ನಿನಗೆ ಇತ್ತು.

ಎಂಜಿನ್ನಿನ ಒಳಗೆ ನೀರು ಸಿಕ್ಕಿತು. ಬಯಲಿನಲ್ಲೇ ಎಲ್ಲರೂ ತೀರ್ಮಾನ ಮಾಡಿದರು, ಸೆಲ್ವಂನ ವೆಲ್ಡಿಂಗ್ ಬಿಟ್ಟಿದೆ ಎಂದು. ನಿನ್ನ ಚಿತೆ ಇನ್ನೂ ಆರಿರಲಿಲ್ಲ, ಲೋಕೇಶ ನಾಲ್ಕು ಜನರನ್ನು ಕಟ್ಟಿಕೊಂಡು ಭದ್ರಾವತಿಗೆ ಹೋದ. ಅಂಗಡಿ ಪುಡಿಪುಡಿ. "ಕೈ ಕತ್ತರಿಸಿ ಕೊಡ್ತೀನಿ ಅಂದಿದ್ಯಲ್ಲೋ, ಇಡೋ ಕೈಯ!" ಎಂದು ಸೆಲ್ವಂನ ಬಲಗೈಯನ್ನು ಅವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆಯೇ ಒತ್ತಿ ಹಿಡಿದು ಕಬ್ಬಿಣದ ರಾಡಿನಿಂದ ಹೊಡೆದ. ಬೆರಳಿನ ಮೂಳೆಗಳೆಲ್ಲ ನುಚ್ಚುನೂರು. ಸುದ್ದಿ ಕೇಳಿದಾಗ ನನ್ನ ಹೊಟ್ಟೆ ತಣ್ಣಗಾಯಿತು ಅಣ್ಣ, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ನಜ್ಜುಗುಜ್ಜಾದ ಕಾರಿನ ಮುಂದೆ ದೊಡ್ಡ ಸುತ್ತಿಗೆ ಹಿಡಿದು ನಿಂತೆ. ಬಾನೆಟ್ಟಿಗೆ ಹೊಡೆದೆ, ಬಾಗಿಲಿಗೆ ಹೊಡೆದೆ, ನಿನ್ನ ಸೀಟಿಗೂ ಹೊಡೆದೆ. ಸೆಲ್ವಂನ ಪೆಟ್ಟಿಗೆಯನ್ನು ಮಾತ್ರ ಗ್ರೈಂಡರಿನಿಂದ ಹೋಳು ಮಾಡಬೇಕೆಂದು ಉಳಿಸಿಕೊಂಡಿದ್ದೆ. ಕಿಡಿ ಹಾರಿಸುತ್ತ ನಡುವಿನಿಂದ ಸೀಳಿದೆ. ವೆಲ್ಡಿಂಗ್ ಎಲ್ಲೂ ಬಿಟ್ಟಿರಲಿಲ್ಲ. ಒಂದು ಕೂದಲೆಳೆಯಷ್ಟೂ ಇಲ್ಲ. ತೂತು ಬಿದ್ದಿದ್ದು ಒಳಗಿನ ಕೊಳವೆಗಳಿಗೆ, ಹುಳು ತಿಂದ ಹಾಗೆ, ತೂತಿನ ಸುತ್ತ ಹಸಿರು ಕಿಲುಬು. ಆ ಬಣ್ಣ ನಮ್ಮ ಕಡೆಯ ಯಾರಿಗೆ ಗೊತ್ತಿಲ್ಲ ಹೇಳು? ಮಳೆಗಾಲಕ್ಕೆ ಮೊದಲು ಅಡಿಕೆಗೆ ಹೊಡೆಯುವ ಮೈಲುತುತ್ತ. ಡ್ರಮ್ಮಿನ ನಲ್ಲಿಯ ಸಂದಿಗೆ ಬೆರಳು ಹಾಕಿ ಉಜ್ಜಿದೆ, ನೀಲಿ ಹೆಪ್ಪು ಉಗುರಿಗೆ ಬಂತು. ನೀಲಿ ಡ್ರಮ್ಮಿನಲ್ಲಿ ನೀಲಿ ಮೈಲುತುತ್ತ, ಯಾರ ಕಣ್ಣಿಗೆ ಬೀಳಬೇಕಿತ್ತು! ಅದೇ ನೀರು ವಾರಗಟ್ಟಲೆ ಕೊಳವೆಗಳಲ್ಲಿ ನಿಂತು ಅಲ್ಯೂಮಿನಿಯಂ ತಿಂದಿದೆ. ಟರ್ಬೊ ಊದುತ್ತಿರುವಾಗ ಗಾಳಿಯ ಒತ್ತಡವೇ ಜೋರು, ನೀರು ಒಳಗೆ ಬರುವುದಿಲ್ಲ. ಸ್ಟಾರ್ಟ್ ಗೆರೆಯಲ್ಲಿ ನಿಂತು ಕಾಯುವಾಗ ಐಸ್ ನೀರಿನ ಪಂಪು ತಿರುಗುತ್ತಲೇ ಇತ್ತಲ್ಲ, ಆಗ ನೀರು ತೂತಿನಿಂದ ಗಾಳಿಯ ಪೈಪಿಗೆ ಇಳಿದು ಕೂತಿದೆ. ನೀನು ತುಳಿದೆ, ಎಂಜಿನ್ ಕುಡಿಯಿತು.

ಲೋಕೇಶನನ್ನು ಗ್ಯಾರೇಜಿಗೆ ಕರೆಸಿ ಪೆಟ್ಟಿಗೆಯ ಎರಡು ಹೋಳುಗಳನ್ನು ಅವನ ಎದೆಗೆ ತಳ್ಳಿದೆ. ಹಸಿರು ನೋಡಿದ. ಡ್ರಮ್ ನೋಡಿದ. ಮುಖ ಬಿಳಿಚಿತು.

"ಇದ್ರಲ್ಲಿ ಏನು ಕಲಸ್ತಿದ್ದೆ?" ಎಂದೆ.

"ಔಷಧಿ."

"ಪ್ಲಾಸ್ಟಿಕ್ಕಿನದ್ರಲ್ಲಿ ಯಾಕೆ ಕಲಸ್ತಿದ್ದೆ? ಹೇಳೋ ಬಾಯಿ ಬಿಟ್ಟು!"

"ಮೈಲುತುತ್ತ ಅಲ್ವಾ... ಲೋಹದ ಪಾತ್ರೆ ಆದ್ರೆ ತಿಂದು ಹಾಕುತ್ತೆ ಅಂತ..."

ಗೊತ್ತಿತ್ತು ಅಣ್ಣ. ತೋಟವಿರುವ ಪ್ರತಿಯೊಬ್ಬನಿಗೂ ಗೊತ್ತಿರುವ ವಿಷಯ. ಅವನಿಗೂ ಗೊತ್ತಿತ್ತು, ನಿನಗೂ. ಕಾರಿನ ಹತ್ತಿರ ಬಂದ ಕೂಡಲೆ ತೋಟದ ಬುದ್ಧಿಯನ್ನು ಗೇಟಿನ ಹೊರಗೇ ಬಿಟ್ಟು ಬಂದಿರಲ್ಲ ಇಬ್ಬರೂ! ಅವನ ಕಪಾಳಕ್ಕೆ ನನ್ನ ಕೈ ಉರಿಯುವ ತನಕ ಹೊಡೆದೆ. ತಡೆಯಲಿಲ್ಲ. ಅಳಲೂ ಇಲ್ಲ. ಕೊರಳಪಟ್ಟಿ ಹಿಡಿದೇ ಅವನನ್ನು ಭದ್ರಾವತಿಗೆ ಕರೆದುಕೊಂಡು ಹೋದೆ.

ಸೆಲ್ವಂ ಹೋಳುಗಳನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ತನ್ನ ವೆಲ್ಡಿಂಗಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. "ನಾನು ಹೇಳಿದೆ ಅಲ್ಲ? ಎಲ್ಲಾರಿಗೂ ಹೇಳಿದೆ. ಯಾರು ಕೇಳಿದ್ರು?" ಎಂದ. ಲೋಕೇಶ ತನ್ನ ಬಲಗೈಯನ್ನು ಅದೇ ಅಡಿಗಲ್ಲಿನ ಮೇಲೆ ಇಟ್ಟು, ಸುತ್ತಿಗೆಯನ್ನು ಸೆಲ್ವಂ ಕಡೆಗೆ ಸರಿಸಿದ. "ಹೊಡಿ" ಎಂದ. ಹೊಡೆಯಲಿ ಎಂದೇ ನನಗೂ ಇತ್ತು. ಸೆಲ್ವಂ ಎಡಗೈಯಲ್ಲಿ ಸುತ್ತಿಗೆ ಎತ್ತಿದ.

"ಎಡಗೈಯಲ್ಲಿ ನಂಗೆ ಗುರಿ ಬರಲ್ಲ" ಎಂದು ಸುತ್ತಿಗೆಯನ್ನು ನೆಲಕ್ಕೆ ಬಿಟ್ಟ. "ಪೊಲೀಸ್ ಕಂಪ್ಲೇಂಟ್ ವಾಪಸ್ ತಗೊಳಲ್ಲ, ತಿಳ್ಕೊ. ಈಗ ಹೋಗಿ ವೆಲ್ಡಿಂಗಿಗೆ ಇಟ್ಟಿರೋ ಆ ಪೈಪ್ ಹಿಡ್ಕೊ, ನನ್ ಕೈಲಿ ಆಗಲ್ಲ, ನೀಟಾಗಿ ಹಿಡ್ಕೊಬೇಕು."

ಈಗ ಸುದ್ದಿ ಕೇಳು. ಬೇರೆ ಎಂಜಿನ್ ಕಟ್ಟಿದ್ದೇನೆ. "ಗಾಳಿಯದ್ದೇ ಹಾಕು, ನೀನು ಮೊದಲೇ ಹೇಳಿದ್ದೆಯಲ್ಲ" ಎಂದು ಎಲ್ಲರೂ ನನ್ನ ಬಾಯಿಗೆ ನನ್ನದೇ ಮಾತು ತುರುಕುತ್ತಿದ್ದಾರೆ. ಈಗಲೂ ನನ್ನ ಮನಸ್ಸಿಗೆ ಅದೇ ಸರಿ. ಆದರೆ ನಾನು ಜಾಲರಿ ಕಟ್ಟಿದರೆ ಸೆಲ್ವಂನ ಪೆಟ್ಟಿಗೆಯೇ ಗಿರಿಯನ್ನು ಕೊಂದಿತೆಂದು ಈ ಊರು ಸಾಯುವವರೆಗೂ ಹೇಳುತ್ತದೆ, ಅವನ ಅಂಗಡಿಗೆ ಒಂದು ಗಿರಾಕಿಯೂ ಬರುವುದಿಲ್ಲ. ಹಾಗಾಗಿ ನೀರಿನದ್ದೇ ಹಾಕಿದೆ. ಅದೇ ಅಳತೆ, ಅದೇ ಜಾಗ. ಸೆಲ್ವಂನ ಬೆರಳುಗಳು ಮಡಚುವುದಿಲ್ಲ. ವೆಲ್ಡಿಂಗ್ ಟಾರ್ಚ್ ನಾನು ಹಿಡಿದೆ, ಪೈಪ್ ಲೋಕೇಶ ಹಿಡಿದ, ಬೈಗುಳವೆಲ್ಲ ಸೆಲ್ವಂದು. ತಮಿಳಿನಲ್ಲಿ ಅಷ್ಟು ಬೈಗುಳಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ತೊಟ್ಟಿಯಲ್ಲಿ ಮುಳುಗಿಸಿದಾಗ ಮೂವರೂ ಉಸಿರು ಹಿಡಿದು ನೋಡಿದೆವು. ಗುಳ್ಳೆ ಬರಲಿಲ್ಲ.

ಈ ಭಾನುವಾರ ಅದೇ ಬಯಲಿನಲ್ಲಿ ನಾನೇ ಓಡಿಸುತ್ತೇನೆ. ಗೆದ್ದರೆ ಗೆದ್ದೆ. ಓಟ ಮುಗಿದ ಮೇಲೆ ಎಲ್ಲರ ಎದುರು ಬಾನೆಟ್ ಎತ್ತಿ ಪೈಪ್ ಕಳಚಿ ತೋರಿಸುತ್ತೇನೆ. ಒಳಗೆ ಒಂದು ಹನಿ ಇರುವುದಿಲ್ಲ. ಇದು ನನ್ನ ಮಾತು.

ಡ್ರಮ್ ಅಂಗಡಿಯಿಂದ ಹೊಸದೇ ತಂದೆ, ಬಿಳಿಯದು, ಯಾವ ಬಣ್ಣ ಹತ್ತಿದರೂ ಕಾಣುವಂಥದ್ದು. ಬೇಡವಾದರೂ ಇವತ್ತು ಅಂಗಳದಲ್ಲಿ ಕೂತು ತೊಳೆದೆ. ಬಕೆಟ್ಟಿನ ಮೇಲೆ ಬಕೆಟ್ಟು ಸುರಿದೆ. ಲೋಕೇಶ ಬಂದು "ಹೊಸದು ಮಾರಾಯ್ತಿ, ಸಾಕು ಬಿಡು" ಎಂದ.

ಇನ್ನೂ ಒಂದು ಬಕೆಟ್ ತರಲು ಅವನನ್ನು ಓಡಿಸಿದೆ.

ನಿನ್ನ ತಂಗಿ,
ಶೋಭಾ