ಒಳಗಿನ ಗೀರುಗಳು

ಮಾರ್ಚ್ 5, ಬೆಳಿಗ್ಗೆ 8.40

ಬಂಗಲೆಯ ಕಿಟಕಿಗಳೆಲ್ಲ ತೆರೆದಾಯ್ತು. ಮಹಡಿಯ ಮಗುವಿನ ಕೋಣೆ ಬಾಗಿಲು ಮತ್ತೆ ನೆಲಕ್ಕೆ ಉಜ್ಜುತ್ತಿದೆ. ಬಡಗಿಗೆ ಫೋನ್ ಮಾಡಬೇಕು. ಇವತ್ತು ಪ್ರವಾಸಿಗರ ನಾಲ್ಕು ಟೂರ್, ಗೈಡ್ ನಾನೇ.

ಅದೇ ಗಿಣಿಪಾಠ. ನೂರು ವರ್ಷದ ಹಿಂದೆ ಮನೆಗೆ ಬೆಂಕಿ ಬಿತ್ತು. ಆಯಾ ಹೊರಗಿನಿಂದ ಚಿಲಕ ಹಾಕಿ ಓಡಿಹೋದಳು. ನಾಲ್ಕು ವರ್ಷದ ಮಗು ಹೊಗೆಯಲ್ಲಿ ಸತ್ತಿತು. ಈಗಲೂ ಆಯಾಳ ದೆವ್ವ ಬಂದು ಬಾಗಿಲು ಕೆರೆಯುತ್ತದೆ — ಇಗೋ ಉಗುರಿನ ಗೀರು. ಜನ ಫೋಟೋ ತೆಗೆಯುತ್ತಾರೆ.

ಆ ಆಯಾ ನನ್ನ ಅಮ್ಮನ ಅಜ್ಜಿ. ಬೆಂಕಿ ಬಿದ್ದ ದಿನದಿಂದ ಅವಳು ಮನೆಗೆ ಮರಳಲೇ ಇಲ್ಲ. ಇಲ್ಲಿ ಯಾರಿಗೂ ಹೇಳಿಲ್ಲ. ದಿನಕ್ಕೆ ನಾಲ್ಕು ಸಲ ಅವಳನ್ನು ಓಡಿಸುವುದೇ ನನ್ನ ಕೆಲಸ.

ಮಾರ್ಚ್ 6

ಅಮ್ಮನಿಗೆ ಎಪ್ಪತ್ತೆಂಟು. ಭಾನುವಾರ ಬಂಗಲೆ ನೋಡಲೇಬೇಕಂತೆ. ಒಂಬತ್ತು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿದ್ದೆ. ಈಗ ಯಾವ ನೆಪವೂ ನಡೆಯಲಿಲ್ಲ.

ಮಗುವನ್ನು ಕೊಂದವಳ ಮೊಮ್ಮಗಳು ಅನ್ನಿಸಿಕೊಂಡೇ ಬೆಳೆದವಳು ಅಮ್ಮ. ಟೂರಿನಲ್ಲಿ ನಾನು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿಲ್ಲ. ಅವಳೆದುರು ನಿಂತು ಅದನ್ನೇ ಹೇಳಲೇ? ನಾಚಿಕೆಯಾಗುತ್ತಿದೆ. ಭಾನುವಾರ ರಜೆ ಕೇಳಿದೆ, ಮ್ಯಾನೇಜರ್ ಕೊಡಲಿಲ್ಲ.

ಮಾರ್ಚ್ 9, ಮಧ್ಯಾಹ್ನ

ಬಡಗಿ ಬಂದ. ಬಾಗಿಲು ಕಳಚಿ ಬೆಳಕಿಗೆ ಒರಗಿಸಿದ. ಒಳಮೈಯ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಉಗುರಲ್ಲ ಮೇಡಂ, ಕಬ್ಬಿಣ. ಯಾರೋ ಒಳಗಿಂದ ಮೀಟಿದ್ದಾರೆ. ನೋಡಿ, ನನ್ನ ಎದೆಮಟ್ಟಕ್ಕಿದೆ. ನಾಲ್ಕು ವರ್ಷದ ಮಗು ಕೈ ಇಲ್ಲಿಗೆ ಎಟುಕತ್ತಾ?"

ಕುರ್ಚಿ ಹತ್ತಿದ್ದರೆ ಅಂದೆ. ಇಷ್ಟು ಆಳಕ್ಕೆ ಮೀಟಲು ದೊಡ್ಡವರ ತೋಳೇ ಬೇಕು ಅಂದ. ಒಳಗಡೆ ಚಿಲಕವಿದ್ದ ಗುರುತೂ ಇಲ್ಲವಂತೆ. ಇದ್ದದ್ದೆಲ್ಲ ಹೊರಗೇ.

ಅಂದರೆ ಅವಳು ಓಡಲಿಲ್ಲ. ಮಗುವಿನ ಜೊತೆ ಒಳಗಿದ್ದಳು. ಚಿಲಕ ಹಾಕಿದವರು ಹೊರಗಿದ್ದರು. ಹೆಣ ಮರೆಮಾಡಿ, ಓಡಿಹೋದಳು ಅಂದರೆ ಮುಗಿಯಿತು, ಸತ್ತವಳು ಎದ್ದು ಬಂದು ಇಲ್ಲ ಅನ್ನುತ್ತಾಳೆಯೇ?

ಒಂಬತ್ತು ವರ್ಷ ಆ ಗೀರು ತೋರಿಸಿದ್ದೇನೆ. ಒಂದು ದಿನವೂ ನೋಡಿಲ್ಲ. ಹೊರಗಿನಿಂದ ಬರುವ ದೆವ್ವ ಒಳಗಡೆ ಯಾಕೆ ಕೆರೆಯಿತು ಅಂತ ಯಾರೂ ಕೇಳಲಿಲ್ಲ, ನಾನೂ...

ಮಾರ್ಚ್ 10

ಮ್ಯಾನೇಜರ್‌ಗೆ ಹೇಳಿದೆ. ಬಡಗಿಯ ಮಾತು ಇತಿಹಾಸ ಅಲ್ಲವಂತೆ. ಜನ ಬರುವುದೇ ದೆವ್ವಕ್ಕಂತೆ. ಆಮೇಲೆ ಮೆತ್ತಗೆ, "ಬರೆದುಕೊಟ್ಟಿದ್ದನ್ನ ಹೇಳಿ. ಆಗಲ್ಲ ಅಂದ್ರೆ ಹೇಳೋರು ಬೇರೆ ಇದ್ದಾರೆ," ಅಂದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಕೆಲಸ ಹೋದರೆ ಐವತ್ತನೇ ವಯಸ್ಸಿಗೆ ಬೇರೆ ಯಾರು ಕೊಡುತ್ತಾರೆ?

ಮಾರ್ಚ್ 11, ಭಾನುವಾರ, 12.20

ಹನ್ನೊಂದರ ಟೂರ್. ಹದಿನಾರು ಜನ. ಅಮ್ಮ ಎಲ್ಲರಿಗಿಂತ ಹಿಂದೆ, ಮೆಟ್ಟಿಲಿನ ಕಂಬಿ ಹಿಡಿದುಕೊಂಡು. ಅವಳ ಹಿಂದೆ ಮ್ಯಾನೇಜರ್.

ಬಾಗಿಲ ಹತ್ತಿರ ನಿಂತೆ. ಆಯಾ ಓಡಿಹೋಗಲಿಲ್ಲ ಅಂದೆ. ಬಾಗಿಲು ಮೀಟುತ್ತಾ ಮಗುವಿನ ಜೊತೆಗೇ ಸತ್ತಳು, ಅವಳು ನನ್ನ ಮುತ್ತಜ್ಜಿ ಅಂದೆ.

ಅಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಗೀರಿನ ಮೇಲೆ ಅಂಗೈ ಇಟ್ಟು ನಿಂತಳು. ಅತ್ತದ್ದು ನಾನು, ಅವಳಲ್ಲ.

ಅವರ ಹೆಸರೇನು ಅಂತ ಒಬ್ಬರು ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಅಮ್ಮ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ, ಎರಡು ಸಲ.

ಮ್ಯಾನೇಜರ್ ಆಫೀಸಿಗೆ ಕರೆದಿದ್ದಾನೆ. ಕಾಯಲಿ. ಮೊದಲು ಇದನ್ನು ಬರೆದಿಡಬೇಕು. ಅವಳ ಹೆಸರು —